ನೀರು ತಿಳಿಯಾಯಿತು, ಮರಿಮೀನು ಸಿಕ್ಕಿಬಿತ್ತು

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತಲಿನ ಗುಡ್ಡಗಳು ಹೊತ್ತಿ ಉರಿಯುತ್ತಿದ್ದಾಗ ಬೈಗುಳ ತಿಂದದ್ದು ಒಂದು ಬೆರಳುದ್ದದ ಮೀನು. ಆ ಮೀನನ್ನು ಉಳಿಸುವ ನೆಪದಲ್ಲಿ ಉತ್ತರದ ನೀರನ್ನು ದಕ್ಷಿಣಕ್ಕೆ ಬಿಡಲಿಲ್ಲ, ಅದಕ್ಕೇ ಬೆಂಕಿ ಆರಿಸಲು ನೀರಿಲ್ಲ ಎಂದು ಡೊನಾಲ್ಡ್ ಟ್ರಂಪ್ ದೂರಿದರು. ಅಧಿಕಾರ ವಹಿಸಿಕೊಂಡ ದಿನವೇ, ಜನವರಿ 20ರಂದು, ‘ಮೀನಿಗಿಂತ ಜನ ಮೇಲು’ ಎಂಬ ಅರ್ಥದ ತಲೆಬರಹವಿದ್ದ ಆದೇಶ ಹೊರಡಿಸಿದರು. ನಿಜ ಏನೆಂದರೆ, ಆಗ ದಕ್ಷಿಣ ಕ್ಯಾಲಿಫೋರ್ನಿಯಾದ ದೊಡ್ಡ ಜಲಾಶಯಗಳಲ್ಲಿ ನೀರು ಚೆನ್ನಾಗಿಯೇ ಇತ್ತು. ಒಂದೇ ಸಲಕ್ಕೆ ಬಿದ್ದ ಬೇಡಿಕೆಯನ್ನು ತಾಳಲಾರದೆ ಎತ್ತರದ ಬಡಾವಣೆಗಳ ಟ್ಯಾಂಕುಗಳು ಖಾಲಿಯಾಗಿದ್ದವು ಅಷ್ಟೇ. ಮೀನಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಆ ಮೀನಿನ ಹೆಸರು ಡೆಲ್ಟಾ ಸ್ಮೆಲ್ಟ್. ಎರಡು ಮೂರು ಇಂಚು ಉದ್ದ, ಅರೆಪಾರದರ್ಶಕ ಮೈ, ಮೂಸಿದರೆ ಸೌತೆಕಾಯಿ ವಾಸನೆ. ಬದುಕುವುದು ಹೆಚ್ಚುಕಡಿಮೆ ಒಂದೇ ವರ್ಷ. ಸ್ಯಾಕ್ರಮೆಂಟೊ ಮತ್ತು ಸ್ಯಾನ್ ವಾಕೀನ್ ನದಿಗಳು ಸೇರಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕಡೆ ಹರಿಯುವ ಜಾಗವೇ ಅಲ್ಲಿನವರ ಬಾಯಲ್ಲಿ ‘ಡೆಲ್ಟಾ’. ಈ ಮೀನು ಇಡೀ ಭೂಮಿಯಲ್ಲಿ ಇರುವುದು ಅಲ್ಲಿ ಮಾತ್ರ. ಆ ಡೆಲ್ಟಾದ ದಕ್ಷಿಣದ ಅಂಚಿನಲ್ಲಿ ಭಾರೀ ಪಂಪುಗಳಿವೆ. ರಾಜ್ಯದ ನೀರು ಯೋಜನೆಯೊಂದೇ ಸುಮಾರು 2.7 ಕೋಟಿ ಜನರಿಗೆ ನೀರು ಕೊಡುತ್ತದೆ. ಫ್ರೀಮಾಂಟ್, ಸ್ಯಾನ್ ಹೊಸೆ ಕಡೆ ನೆಲೆಸಿರುವ ನಮ್ಮ ಕನ್ನಡಿಗರ ಮನೆ ನಲ್ಲಿಗೆ ಬರುವ ನೀರಿನಲ್ಲಿಯೂ ಒಂದು ಪಾಲು ಇಲ್ಲಿಂದಲೇ ಹೋಗುವುದು. ಹಾಗಾಗಿ ಇದು ದೂರದ ಯಾವುದೋ ಮೀನಿನ ಕಥೆ ಎಂದು ಅವರಂತೂ ಸುಮ್ನೆ ಇರುವ ಹಾಗಿಲ್ಲ.

ಈ ಜಗಳ ನಲವತ್ತು ವರ್ಷದಿಂದ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತಿದೆ. ಮೀನಿಗೆ ಎಷ್ಟು ನೀರು, ಹೊಲಕ್ಕೆ ಎಷ್ಟು, ಊರಿಗೆ ಎಷ್ಟು? ಎಲ್ಲರೂ ಅಳೆಯುವುದು ‘ಎಷ್ಟು’ ಎಂಬುದನ್ನೇ. ನನಗೆ ಅನಿಸುವುದು, ಈ ಗಲಾಟೆಯಲ್ಲಿ ಕೈಬಿಟ್ಟುಹೋದದ್ದು ‘ಎಂಥಾ ನೀರು’ ಎಂಬ ಪ್ರಶ್ನೆ. ಅಂದರೆ ನೀರು ಕದಡಿದೆಯೋ, ತಿಳಿಯಾಗಿದೆಯೋ? ಡೆಲ್ಟಾದ ನೀರು ಕಳೆದ ಕೆಲವು ದಶಕಗಳಲ್ಲಿ ತಿಳಿಯಾಗುತ್ತಾ ಬಂದಿದೆ. ಕೇಳಲು ಒಳ್ಳೆಯ ಸುದ್ದಿ, ಅಲ್ವಾ? ಅಲ್ಲಿನ ಮರಿಮೀನುಗಳ ಪಾಲಿಗೆ ಅಲ್ಲ.

ನೀರೊಳಗೆ ಕಣ್ಣಿಗೆ ಏನಾಗುತ್ತದೆ ಎಂದು ಮೊದಲು ನೋಡೋಣ. ತೇಲುವ ಮಣ್ಣಿನ ಕಣ ಎರಡು ಕೆಲಸ ಮಾಡುತ್ತದೆ. ಮೀನಿನ ಮೈಯಿಂದ ಕಣ್ಣಿಗೆ ಬರಬೇಕಾದ ಬೆಳಕನ್ನು ದಾರಿ ತಪ್ಪಿಸುತ್ತದೆ. ಜೊತೆಗೆ ಎಲ್ಲೆಲ್ಲಿಂದಲೋ ಬಂದ ಬೆಳಕನ್ನು ಕಣ್ಣಿಗೆ ಎರಚುತ್ತದೆ. ಆಗುಂಬೆ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿ ಗಾಡಿ ಓಡಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಬೆಳಕು ಜಾಸ್ತಿ, ಕಾಣುವುದು ಕಮ್ಮಿ.

ಆದರೆ ಈ ತೊಂದರೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚಿಹೋಗುವುದಿಲ್ಲ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ. ಒಂದು ನದಿಯ ನೀರಿನಲ್ಲಿ ಪ್ರತಿ 10 ಸೆಂಟಿಮೀಟರಿಗೆ ನೋಟದ ಸ್ಪಷ್ಟತೆ ಹತ್ತರಲ್ಲಿ ಒಂದು ಪಾಲು ಕರಗುತ್ತದೆ. ಮರಿಮೀನಿಗೆ ಬೇಕಿರುವುದು ಮೂಗಿನ ಮುಂದೆ ತೇಲುವ ಸಣ್ಣ ಹುಳ. ಅದು 10 ಸೆಂಟಿಮೀಟರ್ ದೂರದಲ್ಲಿದ್ದರೆ ನೂರಕ್ಕೆ 90ರಷ್ಟು ಸ್ಪಷ್ಟವಾಗಿಯೇ ಕಾಣುತ್ತದೆ. ಆ ಮರಿಯನ್ನು ತಿನ್ನಲು ಎರಡು ಮೀಟರ್ ದೂರದಲ್ಲಿ ಹೊಂಚು ಹಾಕಿದ ದೊಡ್ಡ ಮೀನಿಗೆ ಉಳಿಯುವುದು ನೂರಕ್ಕೆ 12 ಮಾತ್ರ. ಈಗ ನೀರಿನ ಕದಡು ಎರಡು ಪಟ್ಟಾಗಲಿ. ಮರಿಯ ನೋಟ 90ರಿಂದ 81ಕ್ಕೆ ಇಳಿಯುತ್ತದೆ, ಅದಕ್ಕೇನೂ ಅಂಥ ನಷ್ಟವಿಲ್ಲ. ಬೇಟೆಗಾರನ ನೋಟ 12ರಿಂದ ಒಂದೂವರೆಗೆ ಕುಸಿಯುತ್ತದೆ. ದೂರ ನೋಡಬೇಕಾದವನು ಕುರುಡಾದ, ಹತ್ತಿರ ನೋಡುವವನು ಊಟ ಮಾಡುತ್ತಲೇ ಇದ್ದ. ಅದರ ಮೇಲೆ ಇನ್ನೊಂದು ಲೆಕ್ಕವೂ ಇದೆ. ಕಾಣುವ ದೂರ ಅರ್ಧವಾದರೆ, ಮೇಲೆ ಕೆಳಗೆ ಸುತ್ತಮುತ್ತ ಹುಡುಕಬಲ್ಲ ನೀರಿನ ಪ್ರಮಾಣ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹಾಗಾಗಿ ಕದಡು ಎಂದರೆ ಮರಿಮೀನಿಗೆ ಹೊದಿಕೆ. ಅದು ಸಾಕಷ್ಟು ತೆಳುವಾದ ಹೊದಿಕೆಯಾದರೂ ಕೆಲಸಕ್ಕೆ ಬರುತ್ತದೆ.

ಇದನ್ನು ನದಿಯಲ್ಲೇ ಪರೀಕ್ಷೆ ಮಾಡಲು ಪ್ರಕೃತಿ ಕೆನಡಾದಲ್ಲಿ ಒಂದು ಜಾಗ ಕೊಟ್ಟಿದೆ. ಬ್ರಿಟಿಷ್ ಕೊಲಂಬಿಯಾದ ಫ್ರೇಸರ್ ನದಿ ಮಣ್ಣು ಹೊತ್ತು ಹರಿಯುತ್ತದೆ. ಅದನ್ನು ಸೇರುವ ಹ್ಯಾರಿಸನ್ ನದಿ ಒಂದು ದೊಡ್ಡ ಸರೋವರದಿಂದ ಹೊರಬರುತ್ತದೆ. ಮಣ್ಣೆಲ್ಲ ಸರೋವರದ ತಳದಲ್ಲೇ ಕೂತುಬಿಡುವುದರಿಂದ ಹ್ಯಾರಿಸನ್ ತಿಳಿ. ಒಂದೇ ಸೀಮೆ, ಅಕ್ಕಪಕ್ಕದ ನದಿ, ಎರಡರಲ್ಲೂ ಸಮುದ್ರದ ಕಡೆ ಇಳಿಯುವ ಸಾಲ್ಮನ್ ಮರಿಗಳು. ರಾಬರ್ಟ್ ಗ್ರೆಗರಿ ಮತ್ತು ಕಾಲಿನ್ ಲೆವಿಂಗ್ಸ್ ಎರಡೂ ಕಡೆ ಬೇಟೆಗಾರ ಮೀನುಗಳನ್ನು ಹಿಡಿದು ಹೊಟ್ಟೆ ಸೀಳಿ ನೋಡಿದರು. 1998ರಲ್ಲಿ ಪ್ರಕಟವಾದ ಫಲಿತಾಂಶ ನೇರವಾಗಿತ್ತು. ತಿಳಿನೀರಿನ ಬೇಟೆಗಾರರ ಹೊಟ್ಟೆಯಲ್ಲಿ ಮೀನು ಸಿಕ್ಕಿದ್ದು ಜಾಸ್ತಿ, ಬಗ್ಗಡದ ನೀರಿನವರ ಹೊಟ್ಟೆಯಲ್ಲಿ ಕಮ್ಮಿ. ಗ್ರೆಗರಿ ಅದಕ್ಕೂ ಮೊದಲು ಇನ್ನೊಂದು ತಮಾಷೆಯ ವಿಷಯ ಕಂಡುಕೊಂಡಿದ್ದರು. ಬೇಟೆಗಾರನ ಗೊಂಬೆ ತೋರಿಸಿದಾಗ ತಿಳಿನೀರಿನ ಮರಿಗಳು ಹೆದರಿ ಆಳಕ್ಕೆ ಓಡುತ್ತವೆ. ಕದಡಿದ ನೀರಿನ ಮರಿಗಳು ಅಷ್ಟೊಂದು ತಲೆಕೆಡಿಸಿಕೊಳ್ಳುವುದಿಲ್ಲ, ಬೇಗ ಮತ್ತೆ ಮೊದಲಿನಂತಾಗುತ್ತವೆ. ಹೊದಿಕೆ ಇದೆ ಎಂಬುದು ಅವಕ್ಕೂ ಗೊತ್ತು ಎಂದು ಕಾಣುತ್ತದೆ.

ಎಷ್ಟು ಕದಡು ಬೇಕು? ಇದಕ್ಕೆ ಕೊಲೊರಾಡೊ ನದಿಯ ಕಡೆಯಿಂದ ಒಂದು ಅಂಕಿ ಸಿಗುತ್ತದೆ. 1963ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಬಾಗಿಲು ಮುಚ್ಚುವ ಮೊದಲು ಆ ನದಿ ಹೆಸರಿಗೆ ತಕ್ಕಂತೆ ಕೆಂಪು ಕೆಸರು. ಸ್ಪ್ಯಾನಿಷ್‌ನಲ್ಲಿ ಆ ಹೆಸರಿನ ಅರ್ಥವೇ ಕೆಂಪು. ಈಗ ಅಣೆಕಟ್ಟಿನ ಕೆಳಗೆ ಹರಿಯುವುದು ತಣ್ಣನೆಯ ಹಸಿರು ತಿಳಿನೀರು, ಅದರಲ್ಲಿ ಹೊರಗಿನಿಂದ ತಂದುಬಿಟ್ಟ ಟ್ರೌಟ್‌ಗಳು. ಅಲ್ಲಿನ ಗೂನುಬೆನ್ನಿನ ಹಂಪ್‌ಬ್ಯಾಕ್ ಚಬ್ ಮೀನು ಅಪಾಯದಲ್ಲಿದೆ. ಅದರ ಬದಲು ಅದೇ ಬಳಗದ ಬೋನಿಟೇಲ್ ಮರಿಗಳನ್ನು ತೊಟ್ಟಿಯಲ್ಲಿಟ್ಟು ಪ್ರಯೋಗ ಮಾಡಿದರು. ಕೇವಲ 25ರಷ್ಟು ಕದಡು ಇದ್ದಾಗಲೇ ರೇನ್‌ಬೋ ಟ್ರೌಟ್ ಎದುರು ಮರಿಗಳ ಉಳಿವು ತಿಳಿನೀರಿಗಿಂತ ಸರಾಸರಿ 36 ಪ್ರತಿಶತ ಹೆಚ್ಚಿತು. ಬ್ರೌನ್ ಟ್ರೌಟ್ ಎದುರು 25 ಪ್ರತಿಶತ.

ಈ ‘25’ ಎಂಬುದು ಏನು? ನೀರಿಗೆ ಬೆಳಕಿನ ಕಿರಣ ಬಿಟ್ಟು, ಅದು ಪಕ್ಕಕ್ಕೆ ಎಷ್ಟು ಚದುರಿತು ಎಂದು ಅಳೆಯುವ ಮಾನ. ನಮ್ಮ ನೀರು ಸರಬರಾಜಿನವರು ಎನ್‌ಟಿಯು ಎನ್ನುವುದೂ ಹೆಚ್ಚುಕಡಿಮೆ ಇದನ್ನೇ. ಭಾರತದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಅದು 1 ಇರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 5ರವರೆಗೆ ಸೈ. ಡೆಲ್ಟಾದ ಪಂಪು ನಡೆಸುವವರು ಕಣ್ಣಿಟ್ಟು ಕಾಯುವ ಅಂಕಿ 12. ಅಂದರೆ ನಾವು ಬೇಡ ಎನ್ನುವ ನೀರಿನಲ್ಲೇ ಸ್ಮೆಲ್ಟ್‌ನ ಸುಖವಿದೆ. ಬಿಳಿ ತಟ್ಟೆಯೊಂದನ್ನು ನೀರಿಗೆ ಇಳಿಬಿಟ್ಟು, ಅದು ಕಣ್ಣಿಗೆ ಮಾಯವಾಗುವ ಆಳವನ್ನು ಗುರುತು ಮಾಡುವ ಹಳೆಯ ವಿಧಾನವೂ ಇದೆ. 1865ರಲ್ಲಿ ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ ಶುರು ಮಾಡಿದ್ದು. ಡೆಲ್ಟಾದಲ್ಲಿ ಸ್ಮೆಲ್ಟ್ ಸಿಗುತ್ತಿದ್ದದ್ದು ಹೆಚ್ಚಾಗಿ ಆ ತಟ್ಟೆ ಅರ್ಧ ಮೀಟರಿನೊಳಗೇ ಕಣ್ಮರೆಯಾಗುವ ಕಡೆ.

12ರ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಚಳಿಗಾಲದ ಮೊದಲ ದೊಡ್ಡ ಮಳೆಗೆ ಸ್ಯಾಕ್ರಮೆಂಟೊ ಕೆಸರಾಗಿ ಬರುತ್ತದೆ. ಆ ಕೆಸರು ಕಂಡ ಕೂಡಲೇ ಸ್ಮೆಲ್ಟ್ ಮೇಲ್ಮುಖವಾಗಿ ಹೊರಡುತ್ತದೆ, ಮೊಟ್ಟೆ ಇಡಲು. ಮಲೆನಾಡಿನವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಮುಂಗಾರಿಗೆ ಹಳ್ಳ ಕೆಂಪಾಗಿ ಹರಿದ ದಿನವೇ ಹತ್ತುಮೀನಿಗೆ ಟಾರ್ಚು ಹಿಡಿದು ಗದ್ದೆ ಬದುವಿಗೆ ಹೋದವರು ಅವರು. ಎಲ್ಲಿಯ ಮಲೆನಾಡು, ಎಲ್ಲಿಯ ಕ್ಯಾಲಿಫೋರ್ನಿಯಾ! ಮೀನಿಗೆ ಮಾತ್ರ ಕೆಂಪು ನೀರಿನ ಕರೆ ಎರಡೂ ಕಡೆ ಕೇಳುತ್ತದೆ. ಡೆಲ್ಟಾದಲ್ಲಿ ಆಗುವ ಎಡವಟ್ಟು ಇಷ್ಟೇ. ಪಂಪುಗಳು ಜೋರಾಗಿ ಎಳೆದರೆ ಆ ಕೆಸರು ನೀರು ದಕ್ಷಿಣಕ್ಕೆ ತಿರುಗಿ, ಪಂಪಿನವರೆಗೂ ಒಂದು ಸೇತುವೆಯಂತೆ ಚಾಚಿಕೊಳ್ಳುತ್ತದೆ. ಕೆಸರಿನ ಹಿಂದೆ ಬಂದ ಮೀನು ಸೀದಾ ಪಂಪಿನ ಬಾಯಿಗೆ ಬರುತ್ತದೆ. ಅದಕ್ಕೇ ಗೊತ್ತುಪಡಿಸಿದ ಜಾಗಗಳಲ್ಲಿ ಕದಡು 12 ದಾಟಿದರೆ ಪಂಪಿನ ಎಳೆತ ತಗ್ಗಿಸಬೇಕೆಂಬ ನಿಯಮ ಮಾಡಿದ್ದು. ‘ಮೀನಿಗೋಸ್ಕರ ನೀರು ನಿಲ್ಲಿಸಿದರು’ ಎಂಬ ಕೂಗು ಹಲವು ಸಲ ಎದ್ದದ್ದು ಇಂಥ ದಿನಗಳಲ್ಲೇ.

ಸರಿ, ಡೆಲ್ಟಾದ ಕೆಸರು ಎಲ್ಲಿ ಹೋಯಿತು? ಈ ಇಡೀ ವಿಷಯದಲ್ಲಿ ನನಗೆ ಅತಿ ಕುತೂಹಲದ ಭಾಗ ಇದು. ಉತ್ತರಕ್ಕೆ ಚಿನ್ನದ ಕಾಲಕ್ಕೆ ಹೋಗಬೇಕು.

1853ರಿಂದ ಸಿಯೆರಾ ನೆವಾಡ ಬೆಟ್ಟಗಳಲ್ಲಿ ಚಿನ್ನ ಅಗೆಯುವವರು ಒಂದು ಹೊಸ ಉಪಾಯ ಹೂಡಿದರು. ಎತ್ತರದಿಂದ ನೀರು ತಂದು, ಫಿರಂಗಿಯಂಥ ಕೊಳವೆಯಿಂದ ಗುಡ್ಡಕ್ಕೆ ರಭಸವಾಗಿ ಹೊಡೆಯುವುದು. ಗುಡ್ಡವೇ ಕರಗಿ ಹರಿಯುತ್ತಿತ್ತು. ಚಿನ್ನ ಸೋಸಿಕೊಂಡು ಉಳಿದ ಮಣ್ಣುಕಲ್ಲನ್ನು ನದಿಗೆ ಬಿಡುತ್ತಿದ್ದರು, ಪಾದರಸದ ಸಮೇತ. ಕೆಳಗಿನ ನದಿಗಳ ತಳ ಏರಿತು, ಹೊಲಗಳು ಮುಚ್ಚಿಹೋದವು, ಊರುಗಳಿಗೆ ನೆರೆ ಬಂತು. ಕೊನೆಗೆ ರೈತರು ಕೋರ್ಟಿಗೆ ಹೋದರು. 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಮಣ್ಣನ್ನು ನದಿಗೆ ಬಿಡುವುದನ್ನು ನಿಲ್ಲಿಸಿದರು. ಆ ಹೊತ್ತಿಗೆ ಇಳಿದಿದ್ದ ಮಣ್ಣು ಸುಮಾರು ನೂರು ಕೋಟಿ ಘನ ಮೀಟರ್. ಅದನ್ನು ಲೆಕ್ಕ ಹಾಕಿ 1917ರಲ್ಲಿ ವರದಿ ಕೊಟ್ಟವರು ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್. ಇದೊಂದು ದೊಡ್ಡ ಮಣ್ಣಿನ ಅಲೆ, ಬೆಟ್ಟದಿಂದ ಸಮುದ್ರದ ಕಡೆಗೆ ದಶಕಗಳ ಕಾಲ ಸಾಗುತ್ತದೆ ಎಂದು ಅವರು ತೋರಿಸಿಕೊಟ್ಟರು.

ಆ ಅಲೆ ಸಾಗಿ ಮುಗಿಯುತ್ತಾ ಬಂದ ಕಾಲಕ್ಕೇ ಅಣೆಕಟ್ಟುಗಳು ಎದ್ದವು. 1945ರಲ್ಲಿ ಶಾಸ್ತಾ, 1968ರಲ್ಲಿ ಓರೊವಿಲ್. ಹೊಸ ಮಣ್ಣು ಅಣೆಕಟ್ಟಿನ ಹಿಂದೆ ಕೂತಿತು. 1957ರಿಂದ 2001ರ ನಡುವೆ ಸ್ಯಾಕ್ರಮೆಂಟೊ ನದಿ ಹೊತ್ತು ತರುವ ತೇಲುಮಣ್ಣು ಸುಮಾರು ಅರ್ಧಕ್ಕೆ ಇಳಿಯಿತು. ನಮ್ಮಲ್ಲಿ ಹೂಳಿನ ಮಾತು ಬಂದರೆ ನಾವು ಅಣೆಕಟ್ಟಿನ ಒಳಗೆ ಮಾತ್ರ ನೋಡುತ್ತೇವೆ. ತುಂಗಭದ್ರಾ ಜಲಾಶಯ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ಕ್ಕೆ ಬಂದಿದೆ ಎಂದು ಕೊರಗುತ್ತೇವೆ. ಸರಿಯೇ. ಆದರೆ ಆ ಹೂಳು ಸಿಗದೇ ಹೋದ ಕೆಳಗಿನ ನದಿಗೆ ಏನಾಯಿತು ಎಂದು ಕೇಳುವವರು ಎಷ್ಟು ಜನ?

ಡೆಲ್ಟಾದ ಕೆಳಗಿನ ಕೊಲ್ಲಿಯಲ್ಲಿ ಹಳೆಯ ಗಣಿಮಣ್ಣಿನ ದಾಸ್ತಾನು ಇತ್ತಲ್ಲ, ಗಾಳಿ ಅಲೆ ಎದ್ದಾಗಲೆಲ್ಲ ಅದು ಮೇಲೆದ್ದು ನೀರು ಕದಡುತ್ತಿತ್ತು. ಬ್ಯಾಂಕಿನಲ್ಲಿಟ್ಟ ಹಣ ತೆಗೆದು ತೆಗೆದು ತಿಂದ ಹಾಗೆ. 1999ರಲ್ಲಿ ಆ ಖಾತೆ ಖಾಲಿಯಾಯಿತು. ಅಮೆರಿಕದ ಭೂಸರ್ವೇಕ್ಷಣಾ ಇಲಾಖೆಯ ಡೇವಿಡ್ ಶೋಲ್ಹಾಮರ್ ಅವರ ಲೆಕ್ಕದಲ್ಲಿ ಕೊಲ್ಲಿಯ ತೇಲುಮಣ್ಣು ಆ ವರ್ಷ ಮೆಟ್ಟಿಲಿಳಿದಂತೆ ಒಂದೇ ಸಲಕ್ಕೆ 36 ಪ್ರತಿಶತ ಕುಸಿಯಿತು. ನಿಧಾನವಾಗಿ ಅಲ್ಲ, ದಿಢೀರ್ ಅಂತ.

ಇಲ್ಲಿ ಒಂದು ಇಕ್ಕಟ್ಟಿನ ಪ್ರಶ್ನೆ ಏಳುತ್ತದೆ. ಆ ಕೆಸರಿನಲ್ಲಿ ಒಂದು ಪಾಲು ಮನುಷ್ಯ ಮಾಡಿದ ಹಾನಿಯೇ ಆಗಿದ್ದರೆ, ಅದು ಹೋದದ್ದಕ್ಕೆ ಅಳುವುದೇಕೆ? ನದಿ ತನ್ನ ಮೊದಲಿನ ಸ್ಥಿತಿಗೆ ಬಂತು ಎನ್ನಬಹುದಲ್ಲ? ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಮೊದಲಿನ ಸ್ಥಿತಿಯಲ್ಲಿ ಅಣೆಕಟ್ಟು ಇರಲಿಲ್ಲ, ಪ್ರತಿ ಚಳಿಗಾಲ ನೆರೆ ತನ್ನ ಪಾಲಿನ ಕೆಸರು ತರುತ್ತಿತ್ತು. ಮುಖ್ಯವಾಗಿ, ಮೊದಲಿನ ಸ್ಥಿತಿಯಲ್ಲಿ ಈಗಿರುವ ಬೇಟೆಗಾರರು ಅಲ್ಲಿ ಇರಲೇ ಇಲ್ಲ.

ಆ ಬೇಟೆಗಾರರು ಬಂದದ್ದು ರೈಲಿನಲ್ಲಿ. 1879ರಲ್ಲಿ ನ್ಯೂಜೆರ್ಸಿಯಿಂದ 132 ಸ್ಟ್ರೈಪ್ಡ್ ಬಾಸ್ ಮರಿಗಳನ್ನು ಹೊತ್ತು ತಂದು ಮಾರ್ಟಿನೆಜ್ ಊರಿನ ಹತ್ತಿರ ಬಿಟ್ಟರು. ಅವು ಸಾವಿರ ಲಕ್ಷವಾಗಿ ಬೆಳೆದವು. ಗಮನಿಸಬೇಕಾದ್ದು ಇಲ್ಲಿದೆ. ಅದು ಗಣಿಕೆಸರಿನ ಕಾಲ. ಆಮೇಲೆ ನೂರು ವರ್ಷ ಸ್ಟ್ರೈಪ್ಡ್ ಬಾಸ್, ಸ್ಮೆಲ್ಟ್ ಮತ್ತು ಸಾಲ್ಮನ್ ಒಂದೇ ನೀರಿನಲ್ಲಿ ಇದ್ದವು. ಬಾಸ್ ಬಂತೆಂದು ಸ್ಮೆಲ್ಟ್ ಮಾಯವಾಗಲಿಲ್ಲ. ಬೇಟೆಗಾರ ಅವನೇ, ಬದಲಾದದ್ದು ನೀರು.

ನೀರು ತಿಳಿಯಾದಾಗ ಇನ್ನೊಂದು ಅತಿಥಿಗೆ ಸುಗ್ಗಿ. ದಕ್ಷಿಣ ಅಮೆರಿಕದ ಎಜೀರಿಯಾ ಎಂಬ ನೀರುಕಳೆ, ಅಕ್ವೇರಿಯಂ ತೊಟ್ಟಿಗಳಿಗೆ ಹಾಕುವ ಜಾತಿ. ಬೆಳಕು ತಳದವರೆಗೆ ಇಳಿದದ್ದೇ ತಡ, ಅದು ಕಾಲುವೆಗಳ ತುಂಬ ಹಬ್ಬಿತು. ಕಳೆ ಹಬ್ಬಿದರೆ ನೀರಿನ ಓಟ ನಿಧಾನವಾಗುತ್ತದೆ. ಓಟ ನಿಧಾನವಾದರೆ ಉಳಿದ ಮಣ್ಣೂ ತಳ ಸೇರುತ್ತದೆ. ನೀರು ಇನ್ನಷ್ಟು ತಿಳಿ, ಕಳೆ ಇನ್ನಷ್ಟು ದಟ್ಟ. ಇದು ತನ್ನನ್ನು ತಾನೇ ತಿರುಗಿಸಿಕೊಳ್ಳುವ ಚಕ್ರ. ಆ ಕಳೆಯ ಅಂಚಿನಲ್ಲಿ ಮರೆಯಾಗಿ ನಿಂತು ಹೊಂಚು ಹಾಕುವುದು ಲಾರ್ಜ್‌ಮೌತ್ ಬಾಸ್, ಹೆಸರೇ ಹೇಳುವಂತೆ ದೊಡ್ಡಬಾಯಿಯ ಮೀನು. ಸ್ಮೆಲ್ಟ್ ಬಯಲು ನೀರಿನ ಮೀನು, ಕಳೆಯೊಳಗೆ ನುಗ್ಗಿ ಅಡಗುವ ಅಭ್ಯಾಸ ಅದಕ್ಕಿಲ್ಲ. ಅದಕ್ಕೆ ಗೊತ್ತಿದ್ದ ಅಡಗುತಾಣ ಕೆಸರು ಒಂದೇ. ಲಾರ್ಜ್‌ಮೌತ್ ಬಾಸ್ ಮತ್ತು ಸ್ಮೆಲ್ಟ್ ಅನ್ನು ಒಟ್ಟಿಗೆ ಬಿಟ್ಟು ಮಾಡಿದ ಪ್ರಯೋಗದಲ್ಲಿಯೂ ಕದಡು ಏರಿದಂತೆ ಬಾಸ್‌ನ ಬೇಟೆ ಇಳಿದದ್ದು ಕಂಡಿದೆ.

ಸಾಲ್ಮನ್ ಮರಿಗಳ ಪಾಡು ಇನ್ನೂ ಕಣ್ಣಿಗೆ ಕಟ್ಟುವಂಥದ್ದು. ರಾಜ್ಯದ ಪಂಪುಗಳ ಮುಂದೆ ಕ್ಲಿಫ್ಟನ್ ಕೋರ್ಟ್ ಎಂಬ ಆಳವಿಲ್ಲದ ಕೆರೆಯಿದೆ. ಗೇಟು ತೆರೆದಾಗ ನೀರಿನ ಜೊತೆ ಮರಿಗಳೂ ಒಳಗೆ ಬರುತ್ತವೆ. ಆಚೆ ತುದಿಯಲ್ಲಿ ಮೀನು ತಡೆದು ಹಿಡಿದು ಲಾರಿಯಲ್ಲಿ ಸುರಕ್ಷಿತ ಜಾಗಕ್ಕೆ ಸಾಗಿಸುವ ವ್ಯವಸ್ಥೆ ಇದೆ. ಆದರೆ ಆ ತುದಿ ಮುಟ್ಟಬೇಕಲ್ಲ! ಗುರುತು ಹಾಕಿ ಬಿಟ್ಟ ಚಿನೂಕ್ ಸಾಲ್ಮನ್ ಮರಿಗಳಲ್ಲಿ 63ರಿಂದ 99 ಪ್ರತಿಶತದವರೆಗೆ ಕೆರೆ ದಾಟುವುದರೊಳಗೆ ಕಾಣೆಯಾದದ್ದು ಹಳೆಯ ಪರೀಕ್ಷೆಗಳಲ್ಲೇ ದಾಖಲಾಗಿದೆ. ಹೆಚ್ಚಿನವು ಸ್ಟ್ರೈಪ್ಡ್ ಬಾಸ್ ಹೊಟ್ಟೆಗೆ ಎಂದು ಲೆಕ್ಕ.

ಹೀಗಿರುವಾಗ ಬಾಸ್ ಅನ್ನೇ ಕೊಂದುಬಿಡಿ ಎನ್ನುವವರು ಇದ್ದಾರೆ. ನೀರು ಬೇಕಾದ ದೊಡ್ಡ ರೈತರಿಗೆ ಈ ವಾದ ಇಷ್ಟ. ತಪ್ಪು ಪಂಪಿನದ್ದಲ್ಲ, ಬಾಸ್‌ನದ್ದು ಎಂದಾಗುತ್ತದೆ. ಗಾಳ ಹಾಕುವವರಿಗೆ ಬಾಸ್ ಎಂದರೆ ಪ್ರಾಣ, ಅವರು ಬಿಡುವುದಿಲ್ಲ. ಬಾಸ್ ಹಿಡಿಯುವ ಮಿತಿಯನ್ನು ಸಡಿಲಿಸುವ ಪ್ರಸ್ತಾಪವನ್ನು 2012ರಲ್ಲಿ ರಾಜ್ಯದ ಮೀನು ಆಯೋಗ ತಳ್ಳಿಹಾಕಿತು. ನನ್ನ ಮಟ್ಟಿಗೆ ಇಬ್ಬರೂ ಅರ್ಧ ಸತ್ಯ ಹೇಳುತ್ತಿದ್ದಾರೆ. ಬಾಸ್ ತಿನ್ನುವುದು ನಿಜ. ಆದರೆ ತಿಳಿನೀರು, ಕಳೆ, ನಿಂತ ಹರಿವು ಇವು ಮೂರನ್ನೂ ಹಾಗೆಯೇ ಬಿಟ್ಟು ಬಾಸ್ ಹಿಡಿದರೆ, ಖಾಲಿಯಾದ ಜಾಗಕ್ಕೆ ಇನ್ನೊಂದು ಬಾಸ್ ಬಂದು ನಿಲ್ಲುತ್ತದೆ.

ಇಷ್ಟೆಲ್ಲ ಹೇಳಿ ಕೆಸರಿಗೆ ಜೈ ಎಂದುಬಿಟ್ಟರೆ ಅದೂ ತಪ್ಪು. ಸಾಲ್ಮನ್ ಮೊಟ್ಟೆ ಇಡುವುದು ಮೇಲಿನ ಹೊಳೆಗಳ ಜಲ್ಲಿಕಲ್ಲಿನ ಸಂದಿನಲ್ಲಿ. ಅಲ್ಲಿ ನುಣುಪು ಮಣ್ಣು ಕೂತರೆ ಮೊಟ್ಟೆಗೆ ಉಸಿರಾಡಲು ಆಮ್ಲಜನಕ ಸಿಗದೆ ಸಾಯುತ್ತದೆ. ಅತಿಯಾದ ಕೆಸರು ಬಹಳ ದಿನ ಇದ್ದರೆ ಕಿವಿರು ಹಾಳಾಗುತ್ತದೆ. ಬೆಕ್ಕುಮೀನಿನ ಬಳಗ ಮೀಸೆ, ಮೂಗುಗಳಿಂದ ಬೇಟೆ ಹುಡುಕುತ್ತದೆ, ಅದಕ್ಕೆ ಕತ್ತಲಾದರೇನು, ಕೆಸರಾದರೇನು? ಡೆಲ್ಟಾದಲ್ಲಿ ಅದೂ ಇದೆ. ಸ್ಮೆಲ್ಟ್ ಅಳಿಯುತ್ತಿರುವುದಕ್ಕೆ ಕದಡು ಕಡಿಮೆಯಾದದ್ದೊಂದೇ ಕಾರಣವೂ ಅಲ್ಲ. ಬಿಸಿಯಾಗುತ್ತಿರುವ ನೀರು, ಆಹಾರ ಕಸಿಯುವ ಹೊರಗಿನ ಚಿಪ್ಪುಮೀನು, ಕೀಟನಾಶಕ, ಪಂಪುಗಳು ಎಲ್ಲವೂ ಸೇರಿವೆ. 1993ರಲ್ಲಿ ಅಪಾಯದ ಪಟ್ಟಿ ಸೇರಿದ ಈ ಮೀನು, 1967ರಿಂದ ನಡೆಯುತ್ತಿರುವ ಶರತ್ಕಾಲದ ಬಲೆ ಸಮೀಕ್ಷೆಯಲ್ಲಿ 2018ರಿಂದ ವರ್ಷದ ಮೇಲೆ ವರ್ಷ ಸೊನ್ನೆ. ಸಾಲ್ಮನ್‌ಗೂ ಒಳ್ಳೆಯ ಕಾಲವಲ್ಲ. ಕ್ಯಾಲಿಫೋರ್ನಿಯಾದ ಸಮುದ್ರದಲ್ಲಿ ವ್ಯಾಪಾರಕ್ಕೆ ಸಾಲ್ಮನ್ ಹಿಡಿಯುವುದನ್ನು 2023, 2024, 2025 ಮೂರೂ ವರ್ಷ ಪೂರ್ತಿ ನಿಲ್ಲಿಸಿದ್ದರು.

ಹಾಗಾದರೆ ಏನು ಮಾಡಬಹುದು? ಕದಡನ್ನೇ ಸುರಿಯುವ ಯೋಚನೆಯೂ ಅಧಿಕಾರಿಗಳ ಮೇಜಿಗೆ ಬಂದಿದೆ. ಡೆಲ್ಟಾಗೆ ಮಣ್ಣು ಸೇರಿಸಿದರೆ ಹೇಗೆ ಎಂಬುದನ್ನು ಪರಿಶೀಲಿಸುವುದು ಒಕ್ಕೂಟ ಸರ್ಕಾರದ ಯೋಜನೆಗಳಲ್ಲಿ ಸೇರಿತ್ತು. ನೂರೈವತ್ತು ವರ್ಷದ ಹಿಂದೆ ಮಣ್ಣು ಬಿಟ್ಟದ್ದಕ್ಕೆ ಕೋರ್ಟು ಹತ್ತಿದ ನಾಡಿನಲ್ಲಿ! ಕಳೆ ತೆಗೆಯುವುದು, ಗಾಳಿಗೆ ತಳ ಕದಡುವಂಥ ಆಳವಿಲ್ಲದ ಬಯಲು ನೀರನ್ನು ಉಳಿಸುವುದು, ಇವು ಇದಕ್ಕಿಂತ ಕಡಿಮೆ ಗದ್ದಲದ ಕೆಲಸ. ನನಗೆ ಎಲ್ಲಕ್ಕಿಂತ ಜಾಣತನದ್ದು ಎನಿಸಿದ್ದು ಮೀನುಮರಿ ಕೇಂದ್ರಗಳವರ ಲೆಕ್ಕಾಚಾರ. ಸ್ಯಾಕ್ರಮೆಂಟೊದ ಮೇಲ್ಭಾಗದ ಕೋಲ್ಮನ್ ಕೇಂದ್ರದವರು ಸಾಧ್ಯವಾದಾಗ ಹವಾಮಾನ ನೋಡಿಕೊಂಡು, ಮಳೆ ಬಂದು ನದಿ ಕೆಸರಾಗುವ ದಿನಕ್ಕೆ ಹೊಂದಿಸಿ ಸಾಲ್ಮನ್ ಮರಿಗಳನ್ನು ಬಿಡುತ್ತಾರೆ. ಅಣೆಕಟ್ಟಿನಿಂದ ಮೀನಿಗೆಂದು ನೀರು ಬಿಡುವವರೂ ಇದೇ ಪಂಚಾಂಗ ನೋಡಬಹುದು. ಬೇಸಿಗೆಯ ತಿಳಿನೀರು ಒಂದು ಟಿಎಂಸಿ, ಮಳೆಗಾಲದ ಕೆಂಪು ನೀರು ಒಂದು ಟಿಎಂಸಿ, ಇವೆರಡೂ ಮರಿಮೀನಿಗೆ ಒಂದೇ ಅಲ್ಲ.

ಸ್ಮೆಲ್ಟ್ ಈಗ ಉಳಿದಿರುವುದು ಹೆಚ್ಚಾಗಿ ತೊಟ್ಟಿಗಳಲ್ಲಿ. ಪಂಪುಗಳ ಪಕ್ಕದಲ್ಲೇ, ಬೈರನ್ ಎಂಬ ಊರಿನಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ವಿಭಾಗದವರು ಅದನ್ನು ಸಾಕುತ್ತಾರೆ. 2021ರ ಡಿಸೆಂಬರಿನಿಂದ ಅಲ್ಲಿನ ಮೀನುಗಳನ್ನು ಡೆಲ್ಟಾಗೆ ಬಿಡುವ ಪ್ರಯೋಗವೂ ನಡೆದಿದೆ. ಸಾಕುವವರು ಆರಂಭದಲ್ಲೇ ಒಂದು ವಿಷಯ ಕಲಿತರು. ಆಗಷ್ಟೇ ಮೊಟ್ಟೆಯೊಡೆದ ಮರಿಗಳು ತಿಳಿನೀರಿನಲ್ಲಿ ಸರಿಯಾಗಿ ಊಟ ಮಾಡುವುದಿಲ್ಲ. ಹಿಂದೆ ಮಬ್ಬು ಪರದೆ ಇದ್ದರೇ ಅವಕ್ಕೆ ಮುಂದಿನ ತುತ್ತು ಎದ್ದು ಕಾಣುವುದು. ಹಾಗಾಗಿ ಅಲ್ಲಿ ಶುದ್ಧ ನೀರು ತುಂಬಿದ ತೊಟ್ಟಿಗೆ ಪಾಚಿ ಬೆರೆಸಿ, ಬೇಕೆಂದೇ ಕದಡುತ್ತಾರೆ.